ಇಮಾಮರು ಮನೆಮನೆಗೆ ಹೋದ ಕಾಲ

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಡಿಸೆಂಬರ್ 1ರಂದು ಏಡ್ಸ್ ದಿನ ಆಚರಿಸುತ್ತೇವೆ. ದೊಡ್ಡದೇನಲ್ಲ, ಒಂದು ಕೆಂಪು ರಿಬ್ಬನ್ನು, ಒಂದು ಪ್ರತಿಜ್ಞೆ, ಆಸ್ಪತ್ರೆಯಿಂದ ಬಂದವರದೊಂದು ಭಾಷಣ. ಕೆಲವು ವರ್ಷಗಳ ಹಿಂದೆ ಭಾಷಣ ಮುಗಿದ ಮೇಲೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಬಳಿ ಬಂದು, "ಮಾಷ್ಟ್ರೇ, ಇದು ನಮ್ಮ ಜನರಿಗೆ ಬರುವುದಿಲ್ಲವಂತೆ, ಹೌದಾ?" ಎಂದು ಮೆಲ್ಲಗೆ ಕೇಳಿದ. ನಮ್ಮವರು ಕುಡಿಯುವುದಿಲ್ಲ, ಸುನ್ನತ್ ಆಗಿರುತ್ತದೆ, ಹಾಗಾಗಿ ಹೆದರಬೇಕಾಗಿಲ್ಲ ಎಂದು ಯಾರೋ ಅವನಿಗೆ ಹೇಳಿದ್ದರು. ಕಾಸರಗೋಡಿನ ನಮ್ಮ ಭಾಗದಲ್ಲಿ ಬೆಳಿಗ್ಗೆ ಮದ್ರಸ ಮುಗಿಸಿಯೇ ಶಾಲೆಗೆ ಬರುವ ಮಕ್ಕಳು ಬಹಳ. "ರೋಗಕ್ಕೆ ಜಾತಿ ಮತ ಇಲ್ಲ" ಎಂದಷ್ಟೇ ಹೇಳಿ ನಾವು ಮುಂದಿನ ತರಗತಿಗೆ ಹೊರಟೆವು. ಅದು ಅವನ ಪ್ರಶ್ನೆಗೆ ಉತ್ತರವಾಗಿರಲಿಲ್ಲ ಎಂದು ನಮಗೂ ಗೊತ್ತಿತ್ತು. ಇದೇ ಮಾತನ್ನು 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಉಗಾಂಡದಲ್ಲಿ ಮುಸ್ಲಿಂ ವೈದ್ಯರು ಎದುರಿಸಿದ್ದರೆಂದು ಆಮೇಲೆ ಓದಿ ತಿಳಿಯಿತು.

ಉಗಾಂಡದಲ್ಲಿ ರೋಗ ಮೊದಲು ಗುರುತಾದದ್ದು 1982ರಲ್ಲಿ, ವಿಕ್ಟೋರಿಯಾ ಸರೋವರದ ದಡದಲ್ಲಿರುವ ರಾಕಾಯ್ ಜಿಲ್ಲೆಯ ಮೀನುಗಾರರ ಊರಿನಲ್ಲಿ. ಜನ ಸೊರಗಿ ಸೊರಗಿ ಸಾಯುತ್ತಿದ್ದುದರಿಂದ ಅದಕ್ಕೆ 'ಸ್ಲಿಮ್' ಎಂದೇ ಹೆಸರಾಯಿತು. ಗಡಿಯಾಚೆಯ ತಾಂಜಾನಿಯಾದ ವ್ಯಾಪಾರಿಗಳಿಗೆ ನಮ್ಮವರು ಮೋಸ ಮಾಡಿದ್ದಕ್ಕೆ ಅವರು ಮಾಟ ಮಾಡಿಸಿದ್ದಾರೆ ಎಂದು ಊರವರು ನಂಬಿದ್ದರು. ಗಡಿಯಲ್ಲಿ ಬದುಕುವ ನಮಗೆ ಇದು ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ. ಕೆಟ್ಟದ್ದು ಯಾವಾಗಲೂ ಆಚೆಯಿಂದಲೇ ಬರಬೇಕಲ್ಲ! 1986ರಲ್ಲಿ ಬಂದ ಹೊಸ ಸರಕಾರ ರೋಗವನ್ನು ಮುಚ್ಚಿಡದೆ ಬಹಿರಂಗವಾಗಿ ಒಪ್ಪಿಕೊಂಡಿತು.

ಆ ದೇಶದಲ್ಲಿ ಮುಸ್ಲಿಮರು ಅಲ್ಪಸಂಖ್ಯಾತರು. 2002ರ ಜನಗಣತಿಯಲ್ಲಿ ನೂರಕ್ಕೆ ಸುಮಾರು 12. ಮುಸ್ಲಿಂ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಸೇರಿ ಕಟ್ಟಿದ್ದ ಉಗಾಂಡ ಇಸ್ಲಾಮಿಕ್ ವೈದ್ಯಕೀಯ ಸಂಘ 1989ರಲ್ಲಿ ದೇಶದ ಧರ್ಮಗುರುಗಳನ್ನು ಒಂದು ಕಾರ್ಯಾಗಾರಕ್ಕೆ ಕರೆಯಿತು. ಅಲ್ಲಿ ಏಡ್ಸ್ ವಿರುದ್ಧ ಜಿಹಾದ್ ಘೋಷಣೆಯಾಯಿತು. ಈ ಪದ ಕೇಳಿದೊಡನೆ ಇಂದು ಪತ್ರಿಕೆ ಓದುವವರ ಹುಬ್ಬು ಗಂಟಿಕ್ಕುತ್ತದೆ, ಆದರೆ ಅದರ ಮೂಲ ಅರ್ಥ ಪ್ರಯತ್ನ, ಶ್ರಮ. 1992ರಲ್ಲಿ ಇಮಾಮರ ಮೂಲಕ ಕುಟುಂಬಗಳಿಗೆ ತಿಳಿವಳಿಕೆ ಕೊಡುವ ಯೋಜನೆ ಶುರುವಾಯಿತು. ಶುಕ್ರವಾರದ ಖುತ್ಬಾದಲ್ಲಿ ಮಾತನಾಡಿ ಸುಮ್ಮನಾಗುವುದಲ್ಲ, ಮಸೀದಿಗೆ ಸೇರಿದ ಮನೆಗಳಿಗೆ ಹೋಗಬೇಕು. ಗಂಡಸರ ಜೊತೆ ಹೆಂಗಸರಿಗೂ ತರಬೇತಿ ಕೊಟ್ಟರು, ಏಕೆಂದರೆ ಒಳಮನೆಯಲ್ಲಿ ಇಂಥ ಮಾತನ್ನು ಹೆಂಗಸರೇ ಆಡಬೇಕು. ಐದಾರು ವರ್ಷಗಳಲ್ಲಿ 11 ಜಿಲ್ಲೆಗಳಲ್ಲಿ 850ಕ್ಕೂ ಹೆಚ್ಚು ಧರ್ಮಗುರುಗಳು, 6,800 ಸ್ವಯಂಸೇವಕರು ತಯಾರಾದರು. ಅವರು ಹೋದ ಮನೆಗಳ ಸಂಖ್ಯೆ ಒಂದು ಲಕ್ಷ ದಾಟಿತು.

ಅವರು ಮನೆಗಳಲ್ಲಿ ಏನು ಹೇಳಿದರು ಎಂಬುದೇ ನಮಗೆ ಮುಖ್ಯವೆನಿಸಿತು. ಸುನ್ನತ್ ವಿಷಯವನ್ನೇ ನೋಡಿ. ಆ ಹುಡುಗ ಕೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ದಕ್ಷಿಣ ಆಫ್ರಿಕಾ, ಕೆನ್ಯಾ ಮತ್ತು ಇದೇ ರಾಕಾಯ್‌ನಲ್ಲಿ ನಡೆದ ಪ್ರಯೋಗಗಳ ಆಧಾರದ ಮೇಲೆ, ಸುನ್ನತ್ ಆದ ಗಂಡಸಿಗೆ ಹೆಣ್ಣಿನಿಂದ ಸೋಂಕು ತಗಲುವ ಸಾಧ್ಯತೆ ನೂರಕ್ಕೆ ಸುಮಾರು 60ರಷ್ಟು ಕಡಿಮೆ ಎಂದು 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಕಡಿಮೆ ಎಂದಿತೇ ಹೊರತು ಇಲ್ಲವೇ ಇಲ್ಲ ಎನ್ನಲಿಲ್ಲ. ಅವನ ಹೆಂಡತಿಗೆ ಅದರಿಂದ ನೇರ ರಕ್ಷಣೆಯೂ ಇಲ್ಲ. ಇದೆಲ್ಲ ಗೊತ್ತಾಗುವ ಎಷ್ಟೋ ಮೊದಲೇ ಉಗಾಂಡದ ಇಮಾಮರು ಇನ್ನೊಂದು ಮಾತು ಹೇಳುತ್ತಿದ್ದರು: ಸಾಲಾಗಿ ಹುಡುಗರನ್ನು ಕೂರಿಸಿ ಒಂದೇ ಕತ್ತಿಯಲ್ಲಿ ಸುನ್ನತ್ ಮಾಡಿದರೆ ಅದೇ ರೋಗದ ದಾರಿಯಾದೀತು. ಮಯ್ಯತ್ ಸ್ನಾನ ಮಾಡಿಸುವವರು ಬರಿಗೈಯಲ್ಲಿ ರಕ್ತ ಮುಟ್ಟಬಾರದು ಎಂದೂ ಕಲಿಸಿದರು. ಹೊರಗಿನಿಂದ ಬಂದ ಭಾಷಣಕಾರರಿಗೆ ಇವೆರಡೂ ಹೊಳೆಯುವ ವಿಷಯಗಳಲ್ಲ. ಹೊಳೆದರೂ ಅವರು ಹೇಳಿದ್ದರೆ ನಮ್ಮ ಧರ್ಮಕ್ಕೆ ಕೈ ಹಾಕಿದರು ಎಂದು ಜಗಳವಾಗುತ್ತಿತ್ತು.

ಕಾಂಡೋಮ್ ವಿಷಯಕ್ಕೆ ಬಂದಾಗ ಮಾತ್ರ ಕೆಲಸ ಸುಲಭವಾಗಲಿಲ್ಲ. ಅದರ ಪ್ರಚಾರ ವ್ಯಭಿಚಾರಕ್ಕೆ ಪರವಾನಗಿ ಕೊಟ್ಟಂತೆ ಎಂದು ಧರ್ಮಗುರುಗಳೇ ವಿರೋಧಿಸಿದರು. ವೈದ್ಯರು ಬಿಟ್ಟುಕೊಡಲಿಲ್ಲ, ಹಟವನ್ನೂ ಹಿಡಿಯಲಿಲ್ಲ, ಮತ್ತೆ ಮತ್ತೆ ಕೂತು ಮಾತನಾಡಿದರು. ಮದುವೆಗೆ ಮೊದಲು ಸಂಯಮ, ಮದುವೆಯಾದ ಮೇಲೆ ನಿಷ್ಠೆ, ಇವೆರಡೂ ಸಾಧ್ಯವಾಗದಿದ್ದಾಗ ಮೂರನೆಯದಾಗಿ ಕಾಂಡೋಮ್ ಎಂಬಲ್ಲಿಗೆ ಒಪ್ಪಂದವಾಯಿತು. ಹಲವು ಹೆಂಡಿರಿರುವ ಮನೆಯಲ್ಲಿ ಒಬ್ಬರಿಗೆ ಸೋಂಕು ಬಂದರೆ ಎಲ್ಲರಿಗೂ ಅಪಾಯ. ಅಂಥಲ್ಲಿ ಜೀವ ಉಳಿಸುವುದೂ ಧರ್ಮವೇ ಅಲ್ಲವೇ?

ಈ ಯೋಜನೆ ನಡೆದ ಕಡೆ ತಿಳಿವಳಿಕೆ ಹೆಚ್ಚಿತು, ಹಲವರ ಸಂಗ ಮಾಡುವವರು ಕಡಿಮೆಯಾದರು ಎಂದು 1998ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಅದೇ ವರ್ಷ ಇದನ್ನು ಮಾದರಿ ಕೆಲಸವೆಂದು ಪುಸ್ತಕ ಮಾಡಿತು. ಇಡೀ ದೇಶದಲ್ಲಿ 1990ರ ದಶಕದ ಆರಂಭದಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 15 ಇದ್ದ ಸೋಂಕು ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು 6ಕ್ಕೆ ಇಳಿಯಿತು. ಅದೆಲ್ಲ ಇಮಾಮರಿಂದಲೇ ಆಯಿತು ಎಂದರೆ ತಪ್ಪಾದೀತು. ಸರಕಾರ, ಚರ್ಚುಗಳು, ರೋಗಿಗಳ ಸಂಘಟನೆಗಳು ಎಲ್ಲರೂ ದುಡಿದಿದ್ದರು, ಬಹಳ ಜನ ಸತ್ತೂ ಇದ್ದರು. 1995ರಿಂದ ಮದ್ರಸಗಳ ಮಕ್ಕಳಿಗೂ ಈ ಪಾಠ ಶುರುವಾಯಿತು. ಮೇಷ್ಟ್ರಾದ ನಮಗೆ ಈ ಕೊನೆಯ ಸಂಗತಿಯೇ ಹೆಚ್ಚು ಹಿಡಿಸಿತು.

ನಮ್ಮ ಊರಲ್ಲಿ ಈ ರೋಗದ ಹೆಸರು ಹೆಚ್ಚಾಗಿ ಕೇಳುವುದು ಗಲ್ಫ್‌ಗೆ ಹೋಗುವವರ 'ಮೆಡಿಕಲ್' ಸಮಯದಲ್ಲಿ. ಎಚ್‌ಐವಿ ಇದ್ದವರಿಗೆ ಆ ದೇಶಗಳು ಕೆಲಸದ ವೀಸಾ ಕೊಡುವುದಿಲ್ಲ. 'ಅನ್‌ಫಿಟ್' ಎಂದು ಬಂದರೆ ಕಾರಣ ಬೇರೇನಿದ್ದರೂ ಊರು ಪಿಸುಗುಡುತ್ತದೆ. ಈಗ ಮಾತ್ರೆ ತಪ್ಪದೆ ತಿಂದರೆ ಎಲ್ಲರಂತೆ ಬಹುಕಾಲ ಬದುಕಬಹುದು, ತಾಯಿಯಿಂದ ಮಗುವಿಗೆ ಬರದಂತೆಯೂ ತಡೆಯಬಹುದು, ಆದರೆ ಆ ಪಿಸುಮಾತಿಗೆ ಹೆದರಿ ಪರೀಕ್ಷೆಗೇ ಹೋಗದವರಿದ್ದಾರೆ.

ಆ ಹುಡುಗನೂ ದುಬೈಗೆ ಹೊರಟ. ಸರ್ಟಿಫಿಕೇಟಿಗೆಂದು ಶಾಲೆಗೆ ಬಂದಾಗ ನಾವು ಅವನನ್ನು ಕೂರಿಸಿಕೊಂಡು, ತಡವಾಗಿಯಾದರೂ, ಉಗಾಂಡದ ಇಮಾಮರ ಕಥೆ ಹೇಳಿದೆವು. ಪೂರ್ತಿ ಕೇಳಿಸಿಕೊಂಡ. ಮೆಡಿಕಲ್ ಆಯಿತಾ ಎಂದು ವಿಚಾರಿಸಿದೆವು. "ಆಯಿತು ಮಾಷ್ಟ್ರೇ, ಸಾಲಲ್ಲಿ ನಿಲ್ಲಿಸಿ ಎಲ್ಲರ ರಕ್ತವನ್ನೂ ತೆಗೆದರು, ಯಾರನ್ನೂ ಬಿಡಲಿಲ್ಲ" ಎಂದ.