ಬಾಯೊಳಗಿನ ಗೆಜೆಟಿಯರ್

ಕೆಜಿಎಫ್ ಚರಿತ್ರೆ ಅಂದ್ರೆ ನಮಗೆಲ್ಲ ಒಂದು ಸಿದ್ಧ ಪಟ್ಟಿ ಇದೆ. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿ, 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟು, ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿ, 2001ರ ಫೆಬ್ರವರಿಯಲ್ಲಿ ಬಿದ್ದ ಬೀಗ. ಆಮೇಲೆ ಸಿನಿಮಾ. ಅಲ್ಲಿಗೆ ಕಥೆ ಮುಗೀತು.

ಆದ್ರೆ ಬಂಗಾರಪೇಟೆ ಕಡೆಯ ನಮ್ಮಂಥವರ ಹತ್ತಿರ ಇನ್ನೊಂದು ದಾಖಲೆ ಇದೆ. ಅದು ಯಾವ ಕಚೇರಿಯ ಕಡತದಲ್ಲೂ ಇಲ್ಲ, ಬಾಯಲ್ಲಿದೆ. ಮುಂದಿನ ಹಲ್ಲುಗಳ ಮೇಲೆ ಸುಣ್ಣ ಸಿಡಿದಂಥ ಬಿಳಿ ಚುಕ್ಕೆ, ಕೆಲವರಿಗೆ ಹಳದಿ ಗೆರೆ, ಇನ್ನು ಕೆಲವರಿಗೆ ಕಂದು ಪಟ್ಟೆ. ಬೆಂಗಳೂರಿಗೆ ಓದೋಕೆ ಬಂದಾಗ ಹಾಸ್ಟೆಲಿನ ಗೆಳೆಯರು ನನಗೆ ಹೇಳ್ತಿದ್ದ ಜೋಕು ಒಂದೇ: 'ಬಂಗಾರದ ಊರಿನವನು, ಹಲ್ಲೂ ಬಂಗಾರದ ಬಣ್ಣ.' ಗುಟ್ಕಾ ತಿಂತೀಯಾ ಅಂತ ಕೇಳಿದವರೂ ಇದ್ದರು. ಗುಟ್ಕಾ ಅಲ್ಲ ಸ್ವಾಮಿ, ಅದು ನೀರು.

ಹಲ್ಲಿನ ವಿಚಾರದಲ್ಲಿ ಒಂದು ವಿಶೇಷ ಇದೆ. ನಮ್ಮ ಮೂಳೆ ಜೀವನಪೂರ್ತಿ ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟಿಕೊಳ್ಳುತ್ತೆ. ಹಲ್ಲಿನ ಮೇಲಿನ ಎನಾಮೆಲ್‌ಗೆ ಆ ಭಾಗ್ಯ ಇಲ್ಲ. ಶಾಶ್ವತ ಹಲ್ಲುಗಳ ಎನಾಮೆಲ್ ದವಡೆಯೊಳಗೇ ತಯಾರಾಗುತ್ತೆ. ಬುದ್ಧಿಹಲ್ಲು ಬಿಟ್ಟರೆ ಉಳಿದದ್ದೆಲ್ಲ ಸುಮಾರು ಎಂಟು ವರ್ಷಕ್ಕೆ ಮುಗಿದುಹೋಗುತ್ತೆ. ಆ ಅವಧಿಯಲ್ಲಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಎನಾಮೆಲ್ ಗಟ್ಟಿಯಾಗಿ ಕೂಡಿಕೊಳ್ಳೋದಿಲ್ಲ, ಸಣ್ಣ ಸಣ್ಣ ರಂಧ್ರ ಉಳಿಯುತ್ತೆ. ಹಲ್ಲು ಹೊರಗೆ ಬಂದ ಮೇಲೆ ಆ ರಂಧ್ರಗಳಿಗೆ ಬಣ್ಣ ಇಳಿಯುತ್ತೆ. ಎಷ್ಟು ಉಜ್ಜಿದರೂ ಹೋಗಲ್ಲ. ಅಂದ್ರೆ ನಲವತ್ತು ವರ್ಷದವರ ಹಲ್ಲು ನೋಡಿದರೆ, ಮಗುವಾಗಿದ್ದಾಗ ಅವರು ಎಂಥ ನೀರು ಕುಡಿದರು ಅನ್ನೋದು ಗೊತ್ತಾಗುತ್ತೆ. ಇದಕ್ಕಿಂತ ನಂಬಿಕಸ್ತ ಗೆಜೆಟಿಯರ್ ಎಲ್ಲಿ ಸಿಗುತ್ತೆ?

ಹಾಗಾದ್ರೆ ಇಷ್ಟು ದೊಡ್ಡ ಗಣಿ, ಇಷ್ಟು ಡಾಕ್ಟರುಗಳು ಇದ್ದ ಜಾಗದಲ್ಲಿ ಇದನ್ನು ಯಾರೂ ಓದಲಿಲ್ಲವೇ? ಅಲ್ಲಿಯವರು ಓದಿದ್ದು ಬೇರೆ ಅಂಗವನ್ನು: ಶ್ವಾಸಕೋಶವನ್ನು.

ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ಎದೆಯಲ್ಲಿ ಕೂತು ಬರುವ ಸಿಲಿಕೋಸಿಸ್ ಗಣಿಯ ದೊಡ್ಡ ಕಾಯಿಲೆ. 1940ರ ಹೊತ್ತಿಗೆ ಮೈಸೂರು ಸರ್ಕಾರ ಅದಕ್ಕಾಗಿಯೇ ನಿಯಮ ಮಾಡಿತು. ಪರಿಹಾರ ಕೊಡಬೇಕು ಅಂದ ಮೇಲೆ ಯಾರಿಗೆ ಕಾಯಿಲೆ ಇದೆ, ಯಾರಿಗಿಲ್ಲ ಅಂತ ಲೆಕ್ಕ ಬೇಕಲ್ಲ? ಸಾಲಾಗಿ ನಿಲ್ಲಿಸಿ ಎಕ್ಸ್‌ರೇ ತೆಗೆದರು. 1947ರಲ್ಲಿ ಡಾಕ್ಟರ್ ಕ್ಯಾಪ್ಲನ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯಲ್ಲಿ 7653 ಕಾರ್ಮಿಕರ ಲೆಕ್ಕ ಇದೆ. ಅವರಲ್ಲಿ ಶೇಕಡಾ 43.7 ಮಂದಿಗೆ ಸಿಲಿಕೋಸಿಸ್. ಇಂಡಿಯಾದಲ್ಲಿ ಈ ಕಾಯಿಲೆಯ ಬಗ್ಗೆ ನಡೆದ ಮೊದಲ ದೊಡ್ಡ ಅಧ್ಯಯನ ಇದು. ಇದೇ ಕ್ಯಾಪ್ಲನ್ ಆಮೇಲೆ ವೇಲ್ಸ್‌ನ ಕಲ್ಲಿದ್ದಲು ಕಾರ್ಮಿಕರ ಎಕ್ಸ್‌ರೇಗಳಲ್ಲಿ ಇನ್ನೊಂದು ಲಕ್ಷಣ ಗುರುತಿಸಿದರು. ಇವತ್ತಿಗೂ ಎಂಬಿಬಿಎಸ್ ಹುಡುಗರು 'ಕ್ಯಾಪ್ಲನ್ ಸಿಂಡ್ರೋಮ್' ಅಂತ ಉರು ಹೊಡೆಯೋದು ಅದನ್ನೇ. ಆ ಕಣ್ಣು ಪಳಗಿದ ಜಾಗಗಳಲ್ಲಿ ನಮ್ಮ ಕೆಜಿಎಫ್ ಕೂಡ ಒಂದು.

ಇದರಿಂದ ನಾನು ಕಲಿತದ್ದು ಒಂದು ಸರಳ ಸೂತ್ರ: ಯಾರಾದರೂ ದುಡ್ಡು ಕಟ್ಟಬೇಕಾದಾಗ ಮಾತ್ರ ಕಾಯಿಲೆಯನ್ನು ಅಳೀತಾರೆ. ಗಣಿಯ ಎದೆಗೆ ಕಂಪನಿ ಹೊಣೆ. ಸುತ್ತಲ ಹಳ್ಳಿಯ ಹಲ್ಲಿಗೆ ಯಾರು ಹೊಣೆ? ಊರೊಳಗಿನ ಕಾಲೊನಿಗಳಿಗೆ ಕಂಪನಿ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ನೀರು ತಂದಿತ್ತು. ಹಳ್ಳಿಗಳ ಪಾಲಿಗೆ ಇದ್ದದ್ದು ತಮ್ಮ ಕೆರೆ, ತಮ್ಮ ಬಾವಿ.

ಹಲ್ಲಿನ ಕಲೆಗೂ ನೀರಿಗೂ ನಂಟು ಹಾಕಿದ ಕಥೆ ಶುರುವಾಗೋದು ಅಮೆರಿಕದ ಕೊಲರಾಡೊದಲ್ಲಿ. 1901ರಲ್ಲಿ ಅಲ್ಲಿಗೆ ಬಂದ ಫ್ರೆಡರಿಕ್ ಮೆಕೇ ಅನ್ನೋ ಯುವ ದಂತವೈದ್ಯ ಊರಿನವರ ಕಂದು ಹಲ್ಲು ನೋಡಿ ತಲೆ ಕೆಡಿಸಿಕೊಂಡ. ಮೂವತ್ತು ವರ್ಷ ಹುಡುಕಿದ. ಕೊನೆಗೆ 1931ರಲ್ಲಿ ಉತ್ತರ ಸಿಕ್ಕಿದ್ದು ಅಲ್ಯೂಮಿನಿಯಂ ಕಂಪನಿಯ ಕೆಮಿಸ್ಟ್ ಚರ್ಚಿಲ್ ಅವರ ಪ್ರಯೋಗಾಲಯದಲ್ಲಿ. ನಮ್ಮ ಪಾತ್ರೆಯಿಂದ ಹಲ್ಲು ಹಾಳಾಗುತ್ತೆ ಅನ್ನೋ ಅಪವಾದ ಬರಬಾರದು ಅಂತ ಕಂಪನಿ ನೀರನ್ನು ಪರೀಕ್ಷೆ ಮಾಡಿಸುತ್ತಿತ್ತು. ಸಿಕ್ಕಿದ್ದು ಫ್ಲೋರೈಡ್. ನೋಡಿ, ಇಲ್ಲೂ ಅದೇ ಸೂತ್ರ.

ಆರೇ ವರ್ಷದಲ್ಲಿ ಸುದ್ದಿ ನಮ್ಮ ಪಕ್ಕಕ್ಕೆ ಬಂತು. ಆಗ ಮದರಾಸು ಪ್ರಾಂತ್ಯದಲ್ಲಿದ್ದ ನೆಲ್ಲೂರು ಜಿಲ್ಲೆಯಲ್ಲಿ ಉಳುವ ಎತ್ತುಗಳು ಕಾಲು ಎತ್ತಿಡಲಾರದೆ ನಿಲ್ಲುತ್ತಿದ್ದವು. ಜನರ ಬೆನ್ನು, ಕತ್ತು ಮರದ ಕೊರಡಿನಂತೆ ಸೆಟೆದುಕೊಳ್ಳುತ್ತಿತ್ತು. ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಶಾರ್ಟ್, ಪಂಡಿತ್, ರಾಘವಾಚಾರಿ ಸೇರಿ ಇದು ಫ್ಲೋರೋಸಿಸ್ ಅಂತ 1937ರಲ್ಲಿ ಪ್ರಕಟಿಸಿದರು. ಅಮೆರಿಕದವರು 1945ರಲ್ಲಿ, ಒಂದು ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಹುಳುಕು ಕಮ್ಮಿಯಾಗುತ್ತೆ ಅಂತ ಫ್ಲೋರೈಡನ್ನು ನೀರಿಗೆ ಬೆರೆಸೋಕೆ ಶುರು ಮಾಡಿದರು. ನಮ್ಮ ಸಮಸ್ಯೆ ಉಲ್ಟಾ. ನಮಗೆ ಅದನ್ನು ತೆಗೆಯೋದು ಹೇಗೆ ಅನ್ನೋದೇ ಪ್ರಶ್ನೆ.

ಇನ್ನು ನಮ್ಮ ಮನೆ ಕಥೆಗೆ ಬರ್ತೀನಿ. ನಮ್ಮಜ್ಜಿಯ ಹಲ್ಲು ಎಂಬತ್ತರಲ್ಲೂ ಬೆಳ್ಳಗಿತ್ತು. ಅಮ್ಮನಿಗೆ ಅಲ್ಲಲ್ಲಿ ಚುಕ್ಕೆ. ನನಗೆ ಪಟ್ಟೆ. ಮೂರು ತಲೆಮಾರು, ಅದೇ ಊರು, ಅದೇ ರಾಗಿಮುದ್ದೆ, ಅದೇ ಬಸ್ಸಾರು. ಬದಲಾದದ್ದು ನೀರು ಬರುವ ಆಳ.

ಕೋಲಾರಕ್ಕೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಅದಕ್ಕೇ ಹಿರಿಯರು ಒಂದರ ಕೆಳಗೊಂದು ಕೆರೆ ಕಟ್ಟಿದರು. ಒಂದು ತುಂಬಿ ಕೋಡಿ ಬಿದ್ದರೆ ಇನ್ನೊಂದಕ್ಕೆ ನೀರು. ಕೆರೆಯ ಕೆಳಗಿನ ತೆರೆದ ಬಾವಿಗಳಲ್ಲಿ ಇರುತ್ತಿದ್ದದ್ದು ಮೊನ್ನೆ ಮೊನ್ನೆ ಸುರಿದ ಮಳೆ. ಬಂಡೆಯ ಜೊತೆ ಅದಕ್ಕೆ ಹೆಚ್ಚು ಸಹವಾಸ ಇಲ್ಲ. 1970ರ ದಶಕದಿಂದ ಕೈಪಂಪು, ಬೋರ್‌ವೆಲ್ ಬಂದವು. ಒಳ್ಳೆಯದಕ್ಕೇ ಬಂದವು. ಕಾಲರಾ, ನಾರುಹುಣ್ಣು ಹರಡುತ್ತಿದ್ದದ್ದು ತೆರೆದ ನೀರಿನಿಂದ, ಬೋರು ಅದನ್ನು ತಪ್ಪಿಸಿತು. ಆದ್ರೆ ಆಮೇಲೆ ಅದೇ ಬೋರಿನಲ್ಲಿ ತೋಟ ಬಂತು, ಟೊಮೆಟೊ ಬಂತು, ರೇಷ್ಮೆಗೆ ಹಿಪ್ಪುನೇರಳೆ ಬಂತು. ಕೆರೆಗಳಲ್ಲಿ ಹೂಳು ತುಂಬಿತು. ಇನ್ನೂರು ಅಡಿಗೆ ಸಿಗುತ್ತಿದ್ದ ನೀರು ಸಾವಿರ ಅಡಿ ದಾಟಿತು.

ನಮ್ಮದು ಗ್ರಾನೈಟ್, ನೈಸ್ ಬಂಡೆಯ ನೆಲ. ಅದರೊಳಗಿನ ಬಯೊಟೈಟ್, ಫ್ಲೋರೈಟ್‌ನಂಥ ಖನಿಜಗಳಲ್ಲಿ ಫ್ಲೋರಿನ್ ಇದೆ. ಆಳದ ಬಿರುಕುಗಳಲ್ಲಿ ನೀರು ಎಷ್ಟೋ ವರ್ಷ ಕೂತಿರುತ್ತೆ. ಕೂತಷ್ಟೂ ಬಂಡೆಯಿಂದ ಫ್ಲೋರೈಡ್ ಬಿಡಿಸಿಕೊಳ್ಳುತ್ತೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಅನ್ನುತ್ತೆ ಭಾರತೀಯ ಮಾನಕ. ಕೋಲಾರ ಜಿಲ್ಲೆಯ ಎಷ್ಟೋ ಬೋರುಗಳು ಈ ಗೆರೆ ದಾಟಿವೆ. ಅದೇ ನೆಲದ ಆಳದಿಂದ ಸುಮಾರು 800 ಟನ್ ಚಿನ್ನ ತೆಗೆದರು, ಜೊತೆಗೆ ಎದೆಯ ಕಾಯಿಲೆ ಬಂತು. ಆಳದಿಂದ ನೀರು ತೆಗೆದೆವು, ಹಲ್ಲಿನ ಮೇಲೆ ಪಟ್ಟೆ ಬಂತು.

ಈ ಕಥೆ ಹಲ್ಲಿಗೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಚಿಕ್ಕಮ್ಮನಿಗೆ ಥೈರಾಯ್ಡ್ ಬಂತು. ಗ್ರಂಥಿ ಅತಿಯಾಗಿ ಕೆಲಸ ಮಾಡಿ, ಎದೆ ಡವಡವ, ಕೈ ನಡುಕ, ತೂಕ ಇಳಿತ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ವಿಕಿರಣದ ಅಯೋಡಿನ್ ಕುಡಿಸಿ ಕಳಿಸಿದರು. 'ಕೆಲವು ದಿನ ಮಕ್ಕಳನ್ನು ಎತ್ತಿಕೋಬೇಡಿ' ಅಂದರು. ಈಗ ಗ್ರಂಥಿ ನಿಧಾನವಾಗಿ, ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ. ಅವರು ನನ್ನನ್ನು ಕೇಳಿದ್ದು ಇಷ್ಟೇ: 'ಹಲ್ಲು ಹೋಗಿದ್ದು ನೀರಿಂದ ಅಂತೀಯ. ಇದೂ ನೀರಿಂದಾನೇನಪ್ಪಾ?'

ಈ ಪ್ರಶ್ನೆ ಹಿಡಿದು ಹೊರಟರೆ ಸಿಗೋದು ವಿಚಿತ್ರ ಚರಿತ್ರೆ. ಪಿಯುಸಿ ಕೆಮಿಸ್ಟ್ರಿ ನೆನಪಿದ್ದರೆ, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಒಂದೇ ಮನೆತನ. ಥೈರಾಯ್ಡ್ ಗ್ರಂಥಿಗೆ ಬೇಕಾದದ್ದು ಅಯೋಡಿನ್. 1930ರ ದಶಕದಲ್ಲಿ ಅರ್ಜೆಂಟೀನಾ ಮತ್ತು ಯುರೋಪಿನ ಕೆಲವು ವೈದ್ಯರು, ಅತಿಯಾಗಿ ಕೆಲಸ ಮಾಡುವ ಥೈರಾಯ್ಡನ್ನು ತಣ್ಣಗಾಗಿಸೋಕೆ ಫ್ಲೋರೈಡನ್ನೇ ಔಷಧಿಯಾಗಿ ಕೊಟ್ಟರು! ಸರಿಯಾದ ಅಳತೆ ಮಾತ್ರ ಆಗ ಇರಲಿಲ್ಲ. ಎದೆಗೆ ಎಕ್ಸ್‌ರೇ ಇತ್ತು, ಹಲ್ಲು ಬರಿಗಣ್ಣಿಗೆ ಕಾಣುತ್ತಿತ್ತು. ಥೈರಾಯ್ಡ್ ಒಳಗೇನು ನಡೀತಿದೆ ಅಂತ ನೋಡೋದು ಹೇಗೆ?

ಆ ಕಣ್ಣು ಕೊಟ್ಟದ್ದು ನ್ಯೂಕ್ಲಿಯರ್ ಮೆಡಿಸಿನ್. 1936ರ ನವೆಂಬರಿನಲ್ಲಿ ಬಾಸ್ಟನ್‌ನ ಒಂದು ಉಪನ್ಯಾಸದಲ್ಲಿ ಸಾಲ್ ಹರ್ಟ್ಸ್ ಅನ್ನೋ ವೈದ್ಯ ಎದ್ದು ನಿಂತು, ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲ ಮಾಡಬಹುದಾ ಅಂತ ಭೌತವಿಜ್ಞಾನಿ ಕಾಂಪ್ಟನ್ ಅವರನ್ನು ಕೇಳಿದರು. ಆಗುತ್ತೆ ಅಂತ ಉತ್ತರ ಬಂತು. ಮೊದಲು ಮೊಲಗಳ ಮೇಲೆ, 1941ರಲ್ಲಿ ರೋಗಿಗಳ ಮೇಲೆ ಪ್ರಯೋಗ ಆಯಿತು. ಗ್ರಂಥಿ ತಾನಾಗೇ ಅಯೋಡಿನ್ ಎಳೆದುಕೊಳ್ಳುತ್ತೆ. ಎಷ್ಟು ಎಳೆಯಿತು ಅಂತ ಹೊರಗಿಂದ ಎಣಿಸಬಹುದು, ಜಾಸ್ತಿ ಕೊಟ್ಟರೆ ಅದೇ ಚಿಕಿತ್ಸೆ. ಇಂಡಿಯಾದಲ್ಲಿ 1956ರಲ್ಲಿ ಟ್ರಾಂಬೆಯ ಅಪ್ಸರಾ ರಿಯಾಕ್ಟರ್ ಶುರುವಾದ ಮೇಲೆ, 1963ರಲ್ಲಿ ಮುಂಬೈನಲ್ಲಿ ರೇಡಿಯೇಷನ್ ಮೆಡಿಸಿನ್ ಸೆಂಟರ್ ಬಂತು. ಎಂಟು ದಿನಕ್ಕೆ ಅರ್ಧ ಕರಗುವ ಅಯೋಡಿನ್-131 ನಮ್ಮ ಆಸ್ಪತ್ರೆಗಳಿಗೆ ತಲುಪಿದ ದಾರಿ ಇದು. ಚಿಕ್ಕಮ್ಮ ಕುಡಿದದ್ದೂ ಅದನ್ನೇ.

ಈ ಹೊಸ ಕಣ್ಣಿನಿಂದ 1958ರಲ್ಲಿ ಗ್ಯಾಲೆಟ್ಟಿ ಮತ್ತು ಜೋಯೆ ಅನ್ನುವ ಇಬ್ಬರು ಸ್ವಿಸ್ ಸಂಶೋಧಕರು ಹಳೆಯ ಫ್ಲೋರೈಡ್ ಔಷಧಿಯನ್ನು ಪರೀಕ್ಷಿಸಿದರು. ಕೆಲವು ರೋಗಿಗಳಲ್ಲಿ ಥೈರಾಯ್ಡ್ ಚಟುವಟಿಕೆ ನಿಜವಾಗಿಯೂ ಇಳಿಯಿತು, ಉಳಿದವರಲ್ಲಿ ಇಲ್ಲ. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಎಲ್ಲ ಅಧ್ಯಯನಗಳನ್ನೂ ಗುಡ್ಡೆ ಹಾಕಿ ನೋಡಿ, ಫ್ಲೋರೈಡ್ ಥೈರಾಯ್ಡಿನ ಮೇಲೆ ಪರಿಣಾಮ ಬೀರಬಲ್ಲದು, ಅಯೋಡಿನ್ ಕೊರತೆ ಇದ್ದವರಲ್ಲಿ ಇನ್ನೂ ಬೇಗ ಅಂದಿತು. ಆದ್ರೆ ಗಮನಿಸಿ, ಫ್ಲೋರೈಡಿನಿಂದ ಆಗಬಹುದಾದ್ದು ಗ್ರಂಥಿ ನಿಧಾನವಾಗೋದು. ಚಿಕ್ಕಮ್ಮನಿಗೆ ಮೊದಲು ಆದದ್ದು ಅದರ ವಿರುದ್ಧ. ಈಗಿನ ನಿಧಾನ ಚಿಕಿತ್ಸೆಯ ಫಲ. ಹಾಗಾಗಿ ಅವರಿಗೆ ನಾನು ಹೇಳಿದ ಉತ್ತರ: 'ಇದು ನೀರಿಂದ ಅಲ್ಲ ಅನ್ಸುತ್ತೆ ಚಿಕ್ಕಮ್ಮ. ಹಲ್ಲು ಮಾತ್ರ ನೀರಿಂದಾನೇ.' ಎಲ್ಲ ಕಾಯಿಲೆಗೂ ಒಂದೇ ಕಾರಣ ಅಂಟಿಸಿದರೆ, ನಿಜವಾದ ಕಾರಣವನ್ನೂ ಜನ ನಂಬೋದು ಬಿಡ್ತಾರೆ.

ಅಯೋಡಿನ್ ವಿಷಯದಲ್ಲಿ ದೇಶ ಒಂದು ಒಳ್ಳೆ ಕೆಲಸ ಮಾಡಿದೆ. 1950ರ ದಶಕದಲ್ಲಿ ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು, ಗಳಗಂಡ ಕಮ್ಮಿಯಾಗೋದನ್ನು ತೋರಿಸಿದರು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಬಂತು. ಇವತ್ತು ಉಪ್ಪಿನ ಪ್ಯಾಕೆಟ್ ಮೇಲೆ ಅಯೋಡಿನ್ ಅಂತ ಬರೆದಿರುತ್ತೆ. ನೀರಿನ ಟ್ಯಾಂಕರ್ ಮೇಲೆ ಫ್ಲೋರೈಡ್ ಎಷ್ಟು ಅಂತ ಬರೆದಿರೋದನ್ನು ಎಲ್ಲಾದರೂ ನೋಡಿದ್ದೀರಾ?

ಈಗ ನಮ್ಮ ಕಡೆ ಹಳ್ಳಿಹಳ್ಳಿಗೂ ಶುದ್ಧ ನೀರಿನ ಘಟಕ ಇವೆ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತೆ. ಕೆಟ್ಟು ನಿಂತ ದಿನ ಮತ್ತೆ ಬೋರೇ ಗತಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಬಿಡ್ತಿದ್ದಾರೆ. ನೀವು ಬೆಳಗ್ಗೆ ಮುಖ ತೊಳೆದ ನೀರು ನಮ್ಮ ಅಂತರ್ಜಲ! ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟಿಗೆ 2023ರಲ್ಲಿ ಚಾಲನೆ ಸಿಕ್ಕಿತು. ಬೆಮೆಲ್ ನಗರದಲ್ಲಿ ಡೆಂಟಲ್ ಕಾಲೇಜೂ ಇದೆ. ಪಟ್ಟೆ ಇದ್ದವರು ಹಲ್ಲಿನ ಮೇಲ್ಪದರ ಉಜ್ಜಿಸಿಕೊಳ್ಳಬಹುದು, ಬ್ಲೀಚ್ ಮಾಡಿಸಬಹುದು, ವಿನೀರ್ ಹಾಕಿಸಬಹುದು. ಅದೆಲ್ಲ ಬರೆದಾದ ಮೇಲೆ ಅಳಿಸುವ ಕೆಲಸ.

ಇದನ್ನು ಓದ್ತಿರುವ ನೀವು ಬಹುಶಃ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನಲ್ಲಿದ್ದೀರಿ. ವೈಟ್‌ಫೀಲ್ಡೋ, ಸರ್ಜಾಪುರವೋ. ಕಾವೇರಿ ಬರದ ಕಡೆ ಬರೋದು ಬೋರು, ಇಲ್ಲ ಟ್ಯಾಂಕರು. ಅದೂ ಸಾವಿರ ಅಡಿಯ ನೀರೇ. ಕುದಿಸಿದರೆ ಸರಿಹೋಗುತ್ತೆ ಅಂದ್ಕೋಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಇನ್ನೂ ಗಾಢವಾಗುತ್ತೆ. ಬಟ್ಟೆ ಕಟ್ಟಿ ಸೋಸಿದರೂ ಹೋಗಲ್ಲ. ಸರಿಯಾಗಿ ಕೆಲಸ ಮಾಡುವ ಆರ್‌ಒ ತೆಗೆಯುತ್ತೆ. ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ, ನಮ್ಮ ನೀರಿನ ಪರೀಕ್ಷೆ ಯಾವಾಗ ಮಾಡಿಸಿದ್ದು, ಅದರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಒಂದು ಪ್ರಶ್ನೆ ಕೇಳಿ. ಮನೆಯಲ್ಲಿ ಎಂಟು ವರ್ಷದೊಳಗಿನ ಮಗು ಇದ್ದರೆ ಇವತ್ತೇ ಕೇಳಿ. ಅದರ ಹಲ್ಲು ಈಗ ತಯಾರಾಗ್ತಾ ಇದೆ.