ಅನಾಮಧೇಯರು ಮಾಡಿದ ಬೀಗ

ಗೂಢಲಿಪಿಯೆಂಬುದು ದಂಡಿನ ಪಾಳೆಯಕ್ಕೂ ರಾಯಭಾರಿಗಳ ಕಚೇರಿಗೂ ಸೇರಿದ ವಿದ್ಯೆ, ಗೃಹಸ್ಥನಿಗೆ ಅದರಿಂದೇನು ಪ್ರಯೋಜನ ಎಂಬ ಭಾವನೆ ಇನ್ನೂ ಅಳಿಯದೆ ಉಳಿದಿದ್ದ 1990ರ ದಶಕದ ಅಂತ್ಯಭಾಗದಲ್ಲಿ, ಪಾಲ್ ಲೆ ರೂ ಎಂಬ ತರುಣನು, ಸಾಮಾನ್ಯ ಕಂಪ್ಯೂಟರಿನ ಡಿಸ್ಕಿನಲ್ಲಿ ಬರೆದುದೆಲ್ಲವನ್ನೂ ಪಾಸ್‌ವರ್ಡ್ ಅರಿಯದವರಿಗೆ ಅಗ್ರಾಹ್ಯವಾಗುವಂತೆ ಮಾರ್ಪಡಿಸತಕ್ಕ ತಂತ್ರಾಂಶವೊಂದನ್ನು ರಚಿಸಿ, ‘ಎನ್‌ಕ್ರಿಪ್ಷನ್ ಫಾರ್ ದ ಮಾಸಸ್’ ಎಂದು ಹೆಸರಿಟ್ಟು, ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಿಕೊಳ್ಳಲೆಂದು ಲೋಕದ ಮುಂದಿರಿಸಿದನು. ಈತನೇ ಮುಂದೆ ಮಾದಕದ್ರವ್ಯ, ಶಸ್ತ್ರಾಸ್ತ್ರಗಳ ವ್ಯವಹಾರಕ್ಕಿಳಿದು, 2012ರಲ್ಲಿ ಲೈಬೀರಿಯದಲ್ಲಿ ಸೆರೆಸಿಕ್ಕಿ, 2020ರಲ್ಲಿ ಅಮೆರಿಕದ ನ್ಯಾಯಾಲಯದಿಂದ 25 ವರ್ಷಗಳ ಕಾರಾಗೃಹವಾಸಕ್ಕೆ ಗುರಿಯಾದನೆಂಬುದು ವಿಸ್ಮಯದ ಸಂಗತಿ; ಆದರೂ ತಾರುಣ್ಯದಲ್ಲಿ ಬರೆದ ಆ ಕೃತಿಯ ಯೋಗ್ಯತೆಯನ್ನು ಅವನ ಉತ್ತರಜೀವನದ ದುಷ್ಕೃತ್ಯಗಳಿಂದ ಅಳೆಯುವುದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ.

ಆ ಬುನಾದಿಯ ಮೇಲೆ 2004ರ ಫೆಬ್ರವರಿ 2ರಂದು ಟ್ರೂಕ್ರಿಪ್ಟ್ ಹೊರಬಂದಿತು. ಅದನ್ನು ಕಟ್ಟಿದವರು ತಮ್ಮ ಹೆಸರನ್ನು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಲೆ ರೂ ದುಡಿದಿದ್ದ ಜರ್ಮನ್ ಸಂಸ್ಥೆಯೊಂದು ಹಕ್ಕಿನ ತಕರಾರೆತ್ತಿದುದರಿಂದ ಕೆಲಸವು ಕೆಲವು ತಿಂಗಳು ನಿಂತು, ಅದೇ ವರ್ಷದ ಜೂನ್‌ನಲ್ಲಿ ಎರಡನೆಯ ಆವೃತ್ತಿಯೊಡನೆ ಪುನಃ ಸಾಗಿತು.

ಈ ಬೀಗದ ಒಳರಚನೆಯನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ಟ್ರೂಕ್ರಿಪ್ಟ್ ನಿರ್ಮಿಸಿದ ಕಡತದ ಮೊದಲ 64 ಬೈಟುಗಳು ಯಾದೃಚ್ಛಿಕ ಅಂಕೆಗಳಲ್ಲದೆ ಬೇರೇನೂ ಅಲ್ಲ. ಒಡೆಯನು ಪಾಸ್‌ವರ್ಡ್ ಕೊಟ್ಟೊಡನೆ ಅದು ಆ ಅಂಕೆಗಳೊಡನೆ ಬೆರೆತು, ಸಾವಿರ ಅಥವಾ ಎರಡು ಸಾವಿರ ಆವರ್ತನಗಳ ಗಣಿತಕ್ಕೆ ಒಳಪಟ್ಟು, ಒಂದು ಕೀಲಿಯಾಗಿ ಪರಿಣಮಿಸುತ್ತದೆ. ಆ ಕೀಲಿಯಿಂದ ಮುಂದಿನ ಬೈಟುಗಳನ್ನು ಬಿಡಿಸಿದಾಗ ಟಿ, ಆರ್, ಯು, ಇ ಎಂಬ ನಾಲ್ಕು ಅಕ್ಷರಗಳು ಮೂಡಿದರೆ ಪಾಸ್‌ವರ್ಡ್ ಸರಿ, ಮೂಡದಿದ್ದರೆ ತಪ್ಪು. ಪಾಸ್‌ವರ್ಡ್ ದೊರೆಯುವ ತನಕ ಇಡೀ ಕಡತದಲ್ಲಿ ಅದು ಬೀಗವೆಂದು ತಿಳಿಸುವ ಯಾವ ಗುರುತೂ ಇರುವುದಿಲ್ಲ. ಈ ಗುಣವನ್ನೇ ಆಧರಿಸಿ, ಇಂತಹ ಒಂದು ಕಡತದ, ಅಂದರೆ ಸಂಪುಟದ, ಖಾಲಿ ಜಾಗದಲ್ಲಿ ಇನ್ನೊಂದನ್ನು ಅಡಗಿಸಿ, ಬಲಾತ್ಕಾರಕ್ಕೆ ಸಿಲುಕಿದವನು ಹೊರಗಿನದರ ಪಾಸ್‌ವರ್ಡನ್ನಷ್ಟೇ ಒಪ್ಪಿಸಿ ಒಳಗಿನದನ್ನು ಉಳಿಸಿಕೊಳ್ಳುವ ಉಪಾಯವನ್ನೂ ಅವರು ಕಲ್ಪಿಸಿದರು.

2008ರ ಫೆಬ್ರವರಿ ಈ ಚರಿತ್ರೆಯಲ್ಲಿ ಸ್ಮರಣೀಯವಾದ ತಿಂಗಳು. ಕಂಪ್ಯೂಟರ್ ಎಚ್ಚರಗೊಳ್ಳುವ ಮೊದಲೇ ಪಾಸ್‌ವರ್ಡ್ ಕೇಳಿ, ವಿಂಡೋಸ್ ನೆಲೆಸಿರುವ ಡಿಸ್ಕನ್ನೇ ಸಂಪೂರ್ಣವಾಗಿ ರಕ್ಷಿಸಬಲ್ಲ 5.0 ಆವೃತ್ತಿ ಬಂದುದೂ ಆಗಲೇ. ವಿದ್ಯುತ್ತನ್ನು ಆರಿಸಿದ ಮೇಲೂ ಮೆಮೊರಿ ಚಿಪ್‌ಗಳಲ್ಲಿ ಕೀಲಿಯ ಅಂಶ ಕೆಲವು ಕ್ಷಣ ಉಳಿಯುವುದೆಂದೂ, ಚಿಪ್‌ಗಳನ್ನು ತಣ್ಣಗಾಗಿಸಿದರೆ ನಿಮಿಷಗಟ್ಟಲೆ ಉಳಿಯುವುದೆಂದೂ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟುದೂ ಆಗಲೇ. ಅದೇ ವರ್ಷ ಬ್ರೆಜಿಲ್ ದೇಶದ ಪೊಲೀಸರು ಡೇನಿಯಲ್ ಡಾಂಟಾಸ್ ಎಂಬ ಬ್ಯಾಂಕರನ, ಟ್ರೂಕ್ರಿಪ್ಟ್‌ನಿಂದ ಬೀಗ ಹಾಕಿದ್ದ ಡಿಸ್ಕುಗಳನ್ನು ವಶಪಡಿಸಿಕೊಂಡರು. ಅವನ್ನು ತೆರೆಯಲು ಅಲ್ಲಿನ ತಜ್ಞರಿಂದಾಗದೆ, ಅಮೆರಿಕದ ಎಫ್‌ಬಿಐ ಸಂಸ್ಥೆಯೂ ಒಂದು ವರ್ಷ ಪ್ರಯತ್ನಿಸಿ ಕೈಚೆಲ್ಲಿತು. ಬೀಗದ ಗಣಿತ ದೃಢವಾಗಿಯೇ ಇತ್ತು. ದೌರ್ಬಲ್ಯವೆಲ್ಲ ಅದರ ಸುತ್ತಮುತ್ತಲಲ್ಲಿ.

ಇಂತಹ ಕೀರ್ತಿಯನ್ನು ಪಡೆದಿದ್ದ ಟ್ರೂಕ್ರಿಪ್ಟ್, 2014ರ ಮೇ 28ರಂದು, ತನ್ನಲ್ಲಿ ಪರಿಹಾರವಾಗದ ದೋಷಗಳಿರಬಹುದು, ಆದಕಾರಣ ಸುರಕ್ಷಿತವಲ್ಲ ಎಂಬ ಒಕ್ಕಣೆಯೊಂದನ್ನು ಬಿಟ್ಟು ಹಠಾತ್ತನೆ ನಿಂತುಹೋಯಿತು. ಅಂದು ಹೊರಬಂದ 7.2 ಆವೃತ್ತಿಗೆ ಬೀಗ ತೆರೆಯುವ ಶಕ್ತಿಯಿತ್ತೇ ಹೊರತು ಹಾಕುವ ಶಕ್ತಿಯಿರಲಿಲ್ಲ. ಅನಾಮಧೇಯರನ್ನು ಕೇಳುವವರು ಯಾರು? ಅದೃಷ್ಟವಶಾತ್, ಮ್ಯಾಥ್ಯೂ ಗ್ರೀನ್ ಮತ್ತು ಕೆನೆತ್ ವೈಟ್ ಎಂಬುವರು ಸಾರ್ವಜನಿಕರ ಹಣದಿಂದ ಹಿಂದಿನ ವರ್ಷವೇ ಅದರ ಪರಿಶೋಧನೆಗೆ ಕೈಹಚ್ಚಿದ್ದರು. 2015ರ ಏಪ್ರಿಲ್‌ನಲ್ಲಿ ಮುಗಿದ ಆ ಕಾರ್ಯದಲ್ಲಿ ಕೆಲವು ಲೋಪಗಳು ಕಂಡುಬಂದರೂ, ಬುದ್ಧಿಪೂರ್ವಕವಾಗಿ ಇರಿಸಿದ ಕಳ್ಳದಾರಿಯ ಸುಳಿವು ದೊರೆಯಲಿಲ್ಲ.

ಅಷ್ಟರಲ್ಲಿ ಫ್ರಾನ್ಸ್‌ನಲ್ಲಿ ಮುನೀರ್ ಇದ್ರಾಸಿಯವರು, ಬಹಿರಂಗವಾಗಿ ತಮ್ಮ ಹೆಸರಿನಿಂದಲೇ, ಅದೇ ಮೂಲಸಂಕೇತವನ್ನು ಕೈಗೆತ್ತಿಕೊಂಡು 2013ರ ಜೂನ್‌ನಲ್ಲಿ ವೆರಾಕ್ರಿಪ್ಟನ್ನು ಆರಂಭಿಸಿದ್ದರು. ಮುಂದಿನ ಚರಿತ್ರೆಯೆಲ್ಲ ತಿದ್ದುಪಡಿಗಳ ಚರಿತ್ರೆ. ಹೊಸ ಸೌಕರ್ಯಗಳಿಗಿಂತ ಈ ತಿದ್ದುಪಡಿಗಳನ್ನೇ ನಾನು ಹೆಚ್ಚಿನ ಸಾಧನೆಯೆಂದು ಗಣಿಸುತ್ತೇನೆ. ಸಾವಿರದ ಲೆಕ್ಕದಲ್ಲಿದ್ದ ಆವರ್ತನಗಳನ್ನು ಅವರು 5,00,000ಕ್ಕೂ, ಒಂದು ವಿಧಾನದಲ್ಲಿ 6,55,331ಕ್ಕೂ ಏರಿಸಿ, ಪಾಸ್‌ವರ್ಡನ್ನು ಊಹಿಸುತ್ತ ಹೋಗುವವನ ಶ್ರಮವನ್ನು ನೂರಾರು ಪಾಲು ಹೆಚ್ಚಿಸಿದರು. ಇದರಿಂದ ಒಡೆಯನೂ ತನ್ನ ಬೀಗ ತೆರೆಯಲು ಹಿಂದಿಗಿಂತ ಹೆಚ್ಚು ಹೊತ್ತು ಕಾಯಬೇಕಾಗಿ ಬಂದುದರಿಂದ, 2015ರಲ್ಲಿ ಆ ಸಂಖ್ಯೆಯನ್ನು ಬಳಸುವವರೇ ನಿರ್ಣಯಿಸಿಕೊಳ್ಳಬಹುದಾದ ‘ಪಿಮ್’ ಎಂಬ ವ್ಯವಸ್ಥೆ ಬಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಪರಿಶೋಧಕರ ಕಣ್ಣಿಗೂ ಬೀಳದಿದ್ದ ಎರಡು ದೋಷಗಳನ್ನು ಗೂಗಲ್‌ನ ಜೇಮ್ಸ್ ಫೋರ್‌ಶಾ ವಿಂಡೋಸ್ ಡ್ರೈವರಿನಲ್ಲಿ ಪತ್ತೆಹಚ್ಚಿದರು, 1.15 ಆವೃತ್ತಿಯಲ್ಲಿ ಅವು ನಿವಾರಣೆಯಾದವು, ನಿಂತುಹೋದ ಟ್ರೂಕ್ರಿಪ್ಟ್‌ನಲ್ಲಾದರೋ ಹಾಗೆಯೇ ಉಳಿದವು. 2016ರಲ್ಲಿ ಕ್ವಾರ್ಕ್ಸ್‌ಲ್ಯಾಬ್ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ, ಕಂಪ್ಯೂಟರ್ ತೆರೆಯುವಾಗ ಒತ್ತಿದ ಅಕ್ಷರಗಳು ಕೆಲಸ ಮುಗಿದ ಮೇಲೂ ಅಳಿಯದೆ ಉಳಿಯುತ್ತಿದ್ದುದು ತಿಳಿದುಬಂದು, 1.19 ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ಪ್ರಿನ್ಸ್‌ಟನ್‌ನವರು ತೋರಿಸಿದ್ದ ಅಪಾಯಕ್ಕೆ ಪ್ರತೀಕಾರವಾಗಿ, ಮೆಮೊರಿಯಲ್ಲಿರುವ ಕೀಲಿಗಳನ್ನೂ ಗೂಢಲಿಪಿಗೆ ತಿರುಗಿಸುವ ಏರ್ಪಾಟು ವಿಂಡೋಸ್‌ಗೆ ದೊರೆತುದು 2019ರ 1.24 ಆವೃತ್ತಿಯಲ್ಲಿ, ಅಂದರೆ ಹನ್ನೊಂದು ವರ್ಷಗಳ ತರುವಾಯ.

2023ರ ಅಕ್ಟೋಬರ್‌ನಲ್ಲಿ ಬಂದ 1.26.7 ಆವೃತ್ತಿಯು ಬ್ಯಾಂಕ್ ಕಾರ್ಡುಗಳನ್ನೂ ಕೀಲಿಯ ಅಂಗವಾಗಿ ಬಳಸುವ ಅನುಕೂಲವನ್ನು ತಂದಿತಾದರೂ, ಟ್ರೂಕ್ರಿಪ್ಟ್‌ನ ಹಳೆಯ ಕಡತಗಳನ್ನು ತೆರೆಯುವ ಸೌಲಭ್ಯವನ್ನು ಕೈಬಿಟ್ಟಿತು. ಆ ಕಡತಗಳಿಗೆ 1.25.9 ಆವೃತ್ತಿಯೇ ಕೊನೆಯದು. ಆದಕಾರಣ, ಹತ್ತು ಹನ್ನೆರಡು ವರ್ಷಗಳ ಹಿಂದೆ ಪತ್ರಗಳನ್ನೋ ಭಾವಚಿತ್ರಗಳನ್ನೋ ಟ್ರೂಕ್ರಿಪ್ಟ್‌ನಲ್ಲಿ ಭದ್ರಪಡಿಸಿ ಇಂದಿಗೂ ಹಾಗೆಯೇ ಇಟ್ಟುಕೊಂಡಿರುವ ವಾಚಕರು, ಪಾಸ್‌ವರ್ಡ್ ನೆನಪಿನಲ್ಲಿರುವಾಗಲೇ ಆ ಆವೃತ್ತಿಯಿಂದ ಅವನ್ನು ತೆರೆದು, ಹೊಸದಾಗಿ ನಿರ್ಮಿಸಿದ ಸಂಪುಟಕ್ಕೆ ಪ್ರತಿಮಾಡಿಕೊಳ್ಳಬೇಕೆಂದು ವಿಜ್ಞಾಪಿಸುತ್ತೇನೆ.