ಹೈಬ್ರಿಡ್ ಎಸ್‌ಯುವಿ: ಕೊಳ್ಳುವ ಮುನ್ನ, ಕೊಂಡ ಮೇಲೆ ತಿಳಿದಿರಬೇಕಾದ ಸಂಗತಿಗಳು

ಪೆಟ್ರೋಲ್ ದರ ಕೈ ಸುಡುತ್ತಿದೆ. ಎಲೆಕ್ಟ್ರಿಕ್ ಕಾರು ಕೊಳ್ಳೋಣವೆಂದರೆ ಅಪಾರ್ಟ್‌ಮೆಂಟ್‌ನಲ್ಲಿ ಚಾರ್ಜಿಂಗ್ ವ್ಯವಸ್ಥೆ ಇಲ್ಲ. ವರ್ಷಕ್ಕೆ ಎರಡು ಬಾರಿ ಊರಿಗೆ ಹೋಗುವಾಗ ದಾರಿಯಲ್ಲಿ ಚಾರ್ಜರ್ ಹುಡುಕುವ ತಾಳ್ಮೆಯೂ ಇಲ್ಲ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಯಂಥ ನಗರಗಳಲ್ಲಿ ನೆಲೆಸಿರುವ ಕುಟುಂಬಗಳು ಹೈಬ್ರಿಡ್ ಎಸ್‌ಯುವಿಗಳತ್ತ ನೋಡಲು ಇದೇ ಮುಖ್ಯ ಕಾರಣ. ಆದರೆ ಈ ಕಾರುಗಳ ಬೆಲೆ ಸಾಮಾನ್ಯ ಪೆಟ್ರೋಲ್ ಕಾರಿಗಿಂತ ಹೆಚ್ಚು. ಹೆಚ್ಚು ಕೊಟ್ಟ ಹಣ ಮರಳಿ ಬರುತ್ತದೆಯೇ ಎಂಬುದು ಕಾರು ಎಲ್ಲಿ, ಎಷ್ಟು, ಹೇಗೆ ಓಡುತ್ತದೆ ಎಂಬುದರ ಮೇಲೆ ನಿಂತಿದೆ.

ಎಲ್ಲ ಹೈಬ್ರಿಡ್‌ಗಳೂ ಒಂದೇ ಅಲ್ಲ

ಶೋರೂಮ್‌ನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದು ಮೈಲ್ಡ್ ಹೈಬ್ರಿಡ್ಡೋ, ಸ್ಟ್ರಾಂಗ್ ಹೈಬ್ರಿಡ್ಡೋ?

ಮೈಲ್ಡ್ ಹೈಬ್ರಿಡ್‌ನಲ್ಲಿ ಸ್ಟಾರ್ಟರ್ ಹಾಗೂ ಆಲ್ಟರ್ನೇಟರ್ ಕೆಲಸವನ್ನು ಒಟ್ಟಿಗೆ ಮಾಡುವ ಸಣ್ಣ ಮೋಟಾರ್ ಇರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆರಿಸುವುದು, ಮತ್ತೆ ಹೊತ್ತಿಸುವುದು, ವೇಗ ಹೆಚ್ಚಿಸುವಾಗ ಸ್ವಲ್ಪ ನೆರವು ಕೊಡುವುದು ಇಷ್ಟೇ ಅದರ ಕೆಲಸ. ವಿದ್ಯುತ್ತಿನಿಂದಲೇ ಕಾರನ್ನು ಓಡಿಸಲು ಅದಕ್ಕೆ ಆಗದು. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ದೊಡ್ಡ ಮೋಟಾರ್ ಮತ್ತು ಪ್ರತ್ಯೇಕ ಬ್ಯಾಟರಿ ಇರುತ್ತವೆ. ಕಡಿಮೆ ವೇಗದಲ್ಲಿ ಎಂಜಿನ್ ಆರಿದ್ದರೂ ಕಾರು ಚಲಿಸುತ್ತದೆ. ಹೊರಗಿನಿಂದ ಚಾರ್ಜ್ ಮಾಡುವ ಅಗತ್ಯವಿಲ್ಲ, ಪೆಟ್ರೋಲ್ ತುಂಬಿಸಿದರೆ ಸಾಕು.

ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾ ಅರ್ಬನ್ ಕ್ರೂಸರ್ ಹೈರೈಡರ್ ಈ ವ್ಯತ್ಯಾಸಕ್ಕೆ ಒಳ್ಳೆಯ ಉದಾಹರಣೆ. 2022ರಲ್ಲಿ ಬಂದ ಈ ಎರಡೂ ಎಸ್‌ಯುವಿಗಳ ತಯಾರಿ ಆರಂಭವಾದದ್ದು ಬೆಂಗಳೂರು ಸಮೀಪದ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಒಂದೇ ಹೆಸರಿನ ಕಾರಿನಲ್ಲಿ ಮೈಲ್ಡ್, ಸ್ಟ್ರಾಂಗ್ ಎರಡೂ ಬಗೆ ಸಿಗುತ್ತವೆ. ಗ್ರ್ಯಾಂಡ್ ವಿಟಾರಾ ಮೈಲ್ಡ್ ಹೈಬ್ರಿಡ್ ಆಟೊಮ್ಯಾಟಿಕ್‌ನ ಪ್ರಮಾಣಿತ ಮೈಲೇಜ್ ಲೀಟರ್‌ಗೆ 20.58 ಕಿ.ಮೀ. ಆದರೆ, ಸ್ಟ್ರಾಂಗ್ ಹೈಬ್ರಿಡ್‌ನದು 27.97 ಕಿ.ಮೀ. ಹೀಗಾಗಿ 'ಹೈಬ್ರಿಡ್' ಎಂಬ ಪದವೊಂದನ್ನೇ ನಂಬಿ ಬುಕ್ ಮಾಡಿದರೆ ನಿರಾಸೆ ಖಚಿತ.

2025ರಲ್ಲಿ ಬಂದ ಮಾರುತಿ ವಿಕ್ಟೋರಿಸ್ ಸ್ಟ್ರಾಂಗ್ ಹೈಬ್ರಿಡ್‌ನ ಪ್ರಮಾಣಿತ ಮೈಲೇಜ್ 28.65 ಕಿ.ಮೀ. ಮೂರು ಸಾಲು ಸೀಟು ಬೇಕಾದ ದೊಡ್ಡ ಕುಟುಂಬಗಳಿಗೆ 2 ಲೀಟರ್ ಎಂಜಿನ್‌ನ ಟೊಯೋಟಾ ಇನ್ನೋವಾ ಹೈಕ್ರಾಸ್ ಇದೆ. ಅದರ ಹೈಬ್ರಿಡ್ ಆವೃತ್ತಿಯ ಪ್ರಮಾಣಿತ ಮೈಲೇಜ್ 23.24 ಕಿ.ಮೀ.

ಒಳಗೆ ನಡೆಯುವುದೇನು?

ಹೈರೈಡರ್, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿರುವುದು 1490 ಸಿಸಿಯ ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್. ಇದು ಅಟ್ಕಿನ್ಸನ್ ಚಕ್ರದಲ್ಲಿ ಕೆಲಸ ಮಾಡುತ್ತದೆ. ಅಂದರೆ ಗಾಳಿ ಒಳಬರುವ ವಾಲ್ವ್ ಸ್ವಲ್ಪ ತಡವಾಗಿ ಮುಚ್ಚಿಕೊಳ್ಳುವುದರಿಂದ ಇಂಧನದ ಶಕ್ತಿ ಹೆಚ್ಚು ಪೂರ್ಣವಾಗಿ ಬಳಕೆಯಾಗುತ್ತದೆ. ಆದರೆ ಇಂಥ ಎಂಜಿನ್‌ಗೆ ಕಡಿಮೆ ವೇಗದಲ್ಲಿ ಎಳೆಯುವ ಬಲ ಕಡಿಮೆ. ಆ ಕೊರತೆಯನ್ನು ಮೋಟಾರ್ ತುಂಬುತ್ತದೆ. ಎಂಜಿನ್ 122 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ ಮೋಟಾರ್ 141 ನ್ಯೂಟನ್ ಮೀಟರ್ ಕೊಡುತ್ತದೆ. ಎರಡೂ ಸೇರಿದಾಗ ಸಿಗುವ ಗರಿಷ್ಠ ಶಕ್ತಿ ಸುಮಾರು 116 ಪಿಎಸ್.

ಬ್ಯಾಟರಿ ತುಂಬಾ ಚಿಕ್ಕದು, 0.76 ಯೂನಿಟ್ ಸಾಮರ್ಥ್ಯದ್ದು. ಅದರ ಬಲದಿಂದಲೇ ದೂರದ ಊರು ಸೇರಲು ಆಗದು. ಬ್ರೇಕ್ ಒತ್ತಿದಾಗ ಅಥವಾ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಮೋಟಾರ್ ಜನರೇಟರ್ ಆಗಿ ಬದಲಾಗಿ, ವ್ಯರ್ಥವಾಗಬೇಕಿದ್ದ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಮತ್ತೆ ಮುಂದಕ್ಕೆ ಹೊರಡುವಾಗ ಅದೇ ಶಕ್ತಿ ಬಳಕೆಯಾಗುತ್ತದೆ. ನಿಂತು ಹೊರಡುವ ನಗರ ಸಂಚಾರದಲ್ಲಿ ಹೈಬ್ರಿಡ್ ಮಿಂಚುವುದು ಇದೇ ಕಾರಣಕ್ಕೆ.

ಈ ತಂತ್ರಜ್ಞಾನ ಹೊಸದೇನಲ್ಲ. ಟೊಯೋಟಾದ ಪ್ರಿಯಸ್ ಜಪಾನ್‌ನಲ್ಲಿ ಮಾರಾಟಕ್ಕೆ ಬಂದದ್ದು 1997ರಲ್ಲಿ. ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ 2013ರಲ್ಲೇ ಆರಂಭವಾಗಿತ್ತು.

ಪ್ರಮಾಣಿತ ಮೈಲೇಜ್ ಮತ್ತು ರಸ್ತೆಯ ಮೈಲೇಜ್

27.97 ಎಂಬ ಅಂಕಿ ಪ್ರಯೋಗಾಲಯದ್ದು. ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ನಿಗದಿತ ಕ್ರಮದಲ್ಲಿ ವೇಗ ಏರಿಸಿ ಇಳಿಸಿ ಅಳೆಯಲಾಗುತ್ತದೆ. ಈ ಪರೀಕ್ಷೆಯಲ್ಲಿ ವೇಗ ಗಂಟೆಗೆ 90 ಕಿ.ಮೀ. ದಾಟುವುದಿಲ್ಲ. ಐದು ಜನ, ತುಂಬಿದ ಡಿಕ್ಕಿ, ಮೇ ತಿಂಗಳ ಎಸಿ, ಘಾಟಿಯ ಏರು ಇವು ಯಾವುವೂ ಅಲ್ಲಿರುವುದಿಲ್ಲ. ಆದ್ದರಿಂದ ನಿತ್ಯದ ಬಳಕೆಯಲ್ಲಿ ಅಷ್ಟೇ ಮೈಲೇಜ್ ನಿರೀಕ್ಷಿಸುವುದು ಸರಿಯಲ್ಲ.

ಇಂಧನದ ಗುಣವೂ ಲೆಕ್ಕಕ್ಕೆ ಬರುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ನ ಮೂರನೇ ಎರಡರಷ್ಟು ಮಾತ್ರ. ಮೈಲೇಜ್ ಸ್ವಲ್ಪ ತಗ್ಗುವುದು ಸಹಜ.

ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಗಿಂತ ಟ್ಯಾಂಕ್ ಲೆಕ್ಕವೇ ವಿಶ್ವಾಸಾರ್ಹ. ಒಮ್ಮೆ ಪೂರ್ತಿ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆಗೆ ತಂದು, ಮುಂದಿನ ಬಾರಿ ಮತ್ತೆ ಪೂರ್ತಿ ತುಂಬಿಸಿದಾಗ ಓಡಿದ ಕಿಲೋಮೀಟರ್‌ಗಳನ್ನು ಹಾಕಿಸಿದ ಲೀಟರ್‌ಗಳಿಂದ ಭಾಗಿಸಬೇಕು. ನಾಲ್ಕೈದು ಬಾರಿಯ ಸರಾಸರಿ ತೆಗೆದರೆ ನಿಜಸ್ಥಿತಿ ಗೊತ್ತಾಗುತ್ತದೆ.

ಹಣ ಮರಳಿ ಬರುವುದು ಯಾವಾಗ?

ಒಂದು ಸರಳ ಉದಾಹರಣೆ ನೋಡೋಣ. ಸ್ಟ್ರಾಂಗ್ ಹೈಬ್ರಿಡ್‌ಗೆ ಅದೇ ಮಟ್ಟದ ಸಾಮಾನ್ಯ ಆಟೊಮ್ಯಾಟಿಕ್‌ಗಿಂತ ಆನ್‌ರೋಡ್ ಬೆಲೆಯಲ್ಲಿ 2 ಲಕ್ಷ ರೂಪಾಯಿ ಹೆಚ್ಚು ಎಂದುಕೊಳ್ಳಿ. ಪೆಟ್ರೋಲ್ ಲೀಟರ್‌ಗೆ 100 ರೂ. ಇರಲಿ. ನಗರದ ಟ್ರಾಫಿಕ್‌ನಲ್ಲಿ ಸಾಮಾನ್ಯ ಕಾರು 13 ಕಿ.ಮೀ., ಹೈಬ್ರಿಡ್ 20 ಕಿ.ಮೀ. ಕೊಟ್ಟರೆ ಪ್ರತಿ ಕಿಲೋಮೀಟರ್‌ಗೆ ಉಳಿಯುವುದು ಸುಮಾರು 2.69 ರೂ. ಅಂದರೆ 2 ಲಕ್ಷ ಮರಳಿ ಪಡೆಯಲು ಸುಮಾರು 74,000 ಕಿ.ಮೀ. ಓಡಿಸಬೇಕು. ತಿಂಗಳಿಗೆ 2,000 ಕಿ.ಮೀ. ಓಡಿಸುವವರಿಗೆ ಇದು ಮೂರು ವರ್ಷದ ಮಾತು. 1,000 ಕಿ.ಮೀ. ಓಡಿಸುವವರಿಗೆ ಆರು ವರ್ಷ ದಾಟುತ್ತದೆ.

ಅದೇ ಕಾರು ಹೆಚ್ಚಾಗಿ ಹೆದ್ದಾರಿಯಲ್ಲೇ ಓಡಿದರೆ ಚಿತ್ರ ಬದಲಾಗುತ್ತದೆ. ಅಲ್ಲಿ ಸಾಮಾನ್ಯ ಕಾರೂ 16 ಕಿ.ಮೀ. ಕೊಟ್ಟರೆ ಉಳಿತಾಯ ಕಿಲೋಮೀಟರ್‌ಗೆ 1.25 ರೂ.ಗೆ ಇಳಿಯುತ್ತದೆ. ಆಗ ಹಣ ಮರಳಲು 1,60,000 ಕಿ.ಮೀ. ಬೇಕು. ಟೊಯೋಟಾ ತನ್ನ ಹೈಬ್ರಿಡ್ ಬ್ಯಾಟರಿಗೆ ಕೊಡುವ ವಾರಂಟಿಯೂ 8 ವರ್ಷ ಅಥವಾ 1,60,000 ಕಿ.ಮೀ. ಅಂದರೆ ವಾರಂಟಿ ಮುಗಿಯುವ ಹೊತ್ತಿಗೆ ಲೆಕ್ಕ ಸಮವಾಗುತ್ತದೆ ಅಷ್ಟೇ.

ಈ ಅಂಕಿಗಳ ಜಾಗದಲ್ಲಿ ತಮ್ಮ ಊರಿನ ಪೆಟ್ರೋಲ್ ದರ, ತಮ್ಮ ತಿಂಗಳ ಓಡಾಟ, ಡೀಲರ್ ಕೊಟ್ಟ ಬೆಲೆ ಹಾಕಿದರೆ ಪ್ರತಿ ಕುಟುಂಬಕ್ಕೂ ತನ್ನದೇ ಉತ್ತರ ಸಿಗುತ್ತದೆ. ಅಂಧೇರಿಯಿಂದ ಬಿಕೆಸಿಗೆ, ಹಿಂಜೆವಾಡಿಯಿಂದ ಕೋಥ್ರುಡ್‌ಗೆ ದಿನವೂ ತೆವಳುವವರಿಗೆ ಹೈಬ್ರಿಡ್ ಲಾಭದಾಯಕ. ವಾರದ ದಿನಗಳಲ್ಲಿ ಮೆಟ್ರೋ, ಲೋಕಲ್ ರೈಲು ಹಿಡಿದು, ಹಬ್ಬಕ್ಕೆ ಮಾತ್ರ ಕಾರು ಹೊರತೆಗೆಯುವವರಿಗೆ ಕಡಿಮೆ ಬೆಲೆಯ ಪೆಟ್ರೋಲ್ ಕಾರೇ ಸಾಕಾಗಬಹುದು.

ತೆರಿಗೆಯ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರಗಳ ಪ್ರಕಾರ 4 ಮೀಟರ್ ಉದ್ದ ಮತ್ತು 1200 ಸಿಸಿ ಮಿತಿಯೊಳಗಿನ ಪೆಟ್ರೋಲ್ ಹೈಬ್ರಿಡ್‌ಗಳಿಗೆ ಶೇ 18, ಅದನ್ನು ಮೀರಿದವಕ್ಕೆ ಶೇ 40 ತೆರಿಗೆ. ಮೇಲೆ ಹೇಳಿದ ಎಲ್ಲ ಸ್ಟ್ರಾಂಗ್ ಹೈಬ್ರಿಡ್‌ಗಳೂ ಎರಡನೇ ಗುಂಪಿಗೆ ಸೇರುತ್ತವೆ. ಹಿಂದೆ ಇವುಗಳ ಮೇಲೆ ಸೆಸ್ ಸೇರಿ ಶೇ 43 ಇತ್ತು. ಎಲೆಕ್ಟ್ರಿಕ್ ಕಾರುಗಳಿಗೆ ಮಾತ್ರ ಶೇ 5.

ನೋಂದಣಿ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಉತ್ತರ ಪ್ರದೇಶ ಸರ್ಕಾರ 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ನೋಂದಣಿ ತೆರಿಗೆ ವಿನಾಯಿತಿ ಘೋಷಿಸಿದಾಗ ನೋಯ್ಡಾ, ಗಾಜಿಯಾಬಾದ್ ಭಾಗದ ಖರೀದಿದಾರರಿಗೆ ದೊಡ್ಡ ಮೊತ್ತ ಉಳಿಯಿತು. ಇಂಥ ವಿನಾಯಿತಿಗಳಿಗೆ ಗಡುವು ಇರುವುದರಿಂದ ಬುಕ್ ಮಾಡುವ ದಿನ ಆರ್‌ಟಿಒದಲ್ಲಿ ವಿಚಾರಿಸುವುದು ಒಳ್ಳೆಯದು. ಕೆಲವೇ ವರ್ಷಗಳಲ್ಲಿ ಕರ್ನಾಟಕಕ್ಕೆ ಮರಳುವ ಯೋಜನೆ ಇದ್ದವರು ಇನ್ನೊಂದು ವಿಷಯ ಗಮನಿಸಬೇಕು. ಬೇರೆ ರಾಜ್ಯದ ನೋಂದಣಿಯ ಕಾರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಇಲ್ಲಿ ಮರುನೋಂದಣಿ ಮಾಡಿಸಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು.

ಓಡಿಸುವ ಕ್ರಮ

ಹೈಬ್ರಿಡ್‌ನಲ್ಲಿ ಮೈಲೇಜ್ ಬಹುಪಾಲು ಬಲಗಾಲಿನಲ್ಲಿದೆ. ಸಿಗ್ನಲ್ ಕೆಂಪಾದದ್ದು ದೂರದಿಂದಲೇ ಕಂಡರೆ ಆಗಲೇ ಕಾಲು ತೆಗೆದು, ಬ್ರೇಕನ್ನು ಮೆಲ್ಲಗೆ, ಹೆಚ್ಚು ಹೊತ್ತು ಒತ್ತಬೇಕು. ಆಗ ಬ್ಯಾಟರಿಗೆ ಹೆಚ್ಚು ಶಕ್ತಿ ಸೇರುತ್ತದೆ. ಕೊನೆಯ ಕ್ಷಣದಲ್ಲಿ ಜೋರಾಗಿ ಒತ್ತಿದರೆ ಆ ಶಕ್ತಿ ಬ್ರೇಕ್ ಪ್ಯಾಡ್‌ಗಳಲ್ಲಿ ಬಿಸಿಯಾಗಿ ಹೋಗುತ್ತದೆ.

ನ್ಯೂಟ್ರಲ್‌ನಲ್ಲಿ ಇಳಿಜಾರು ಇಳಿಯುವ ಹಳೆಯ ಅಭ್ಯಾಸ ಇಲ್ಲಿ ನಷ್ಟದ್ದು, ಅಪಾಯದ್ದೂ ಹೌದು. 'ಎನ್'ನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಟ್ರಾಫಿಕ್‌ನಲ್ಲಿ ನಿಂತಾಗಲೂ 'ಡಿ'ಯಲ್ಲೇ ಇರಿಸಿ ಬ್ರೇಕ್ ಹಿಡಿಯುವುದು ಸರಿ. ಚಾರ್ಮಾಡಿ, ಆಗುಂಬೆ, ಅಂಬೋಲಿಯಂಥ ಉದ್ದನೆಯ ಘಾಟಿ ಇಳಿಯುವಾಗ ಚಿಕ್ಕ ಬ್ಯಾಟರಿ ಬೇಗ ತುಂಬಿಬಿಡುತ್ತದೆ. ಆಗ 'ಬಿ' ಸ್ಥಾನಕ್ಕೆ ಹಾಕಿದರೆ ಎಂಜಿನ್ ತಿರುಗಿ ಕಾರನ್ನು ಹಿಡಿದಿಡುತ್ತದೆ, ಬ್ರೇಕ್ ಕಾಯುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ 'ಬಿ' ಬೇಡ.

ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ಎಂಜಿನ್ ಸದ್ದು ಒಮ್ಮೆಲೇ ಏರುತ್ತದೆ, ವೇಗ ನಿಧಾನವಾಗಿ ಏರಿದಂತೆ ಅನ್ನಿಸುತ್ತದೆ. ಇದು ದೋಷವಲ್ಲ, ಇ-ಸಿವಿಟಿ ವ್ಯವಸ್ಥೆಯ ಸ್ವಭಾವ. ಎರಡು ಪಥದ ರಸ್ತೆಗಳಲ್ಲಿ ಸ್ವಲ್ಪ ಹೆಚ್ಚು ಜಾಗ ನೋಡಿಕೊಂಡೇ ಮುನ್ನುಗ್ಗಬೇಕು. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಬಲ ಕೊಡುವ ವ್ಯವಸ್ಥೆ ಬಂದದ್ದು ಮೈಲ್ಡ್ ಹೈಬ್ರಿಡ್‌ನಲ್ಲಿ. ಸ್ಟ್ರಾಂಗ್ ಹೈಬ್ರಿಡ್ ಮುಂದಿನ ಚಕ್ರಗಳಿಂದಷ್ಟೇ ಎಳೆಯುತ್ತದೆ. ಮಳೆಗಾಲದಲ್ಲಿ ಕೊಡಗಿನ ತೋಟದ ಮನೆಯವರೆಗೆ ಕೆಸರು ದಾರಿ ಇದ್ದವರು ಇದನ್ನು ಯೋಚಿಸಬೇಕು.

ಮರೆಯಬಾರದ ಎಚ್ಚರಿಕೆಗಳು

ಸದ್ದಿಲ್ಲದ ಕಾರು: 'ರೆಡಿ' ದೀಪ ಉರಿಯುತ್ತಿದ್ದರೆ ಎಂಜಿನ್ ಸದ್ದಿಲ್ಲದಿದ್ದರೂ ಕಾರು ಚಾಲನೆಯಲ್ಲಿದೆ ಎಂದೇ ಅರ್ಥ. ಮುಚ್ಚಿದ ಗ್ಯಾರೇಜಿನಲ್ಲಿ ಹಾಗೆಯೇ ಬಿಟ್ಟು ಹೋದರೆ ಬ್ಯಾಟರಿ ಇಳಿದಾಗ ಎಂಜಿನ್ ತಾನೇ ಹೊತ್ತಿಕೊಂಡು ಕಾರ್ಬನ್ ಮೊನಾಕ್ಸೈಡ್ ತುಂಬಬಹುದು. ಇಳಿಯುವ ಮುನ್ನ ಆರಿಸಿದ್ದು ಖಚಿತ ಮಾಡಿಕೊಳ್ಳಬೇಕು. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮಕ್ಕಳಿಗೆ, ಹಿರಿಯರಿಗೆ ಕಾರು ಬರುವುದು ಕೇಳಿಸದೇ ಹೋಗಬಹುದು ಎಂಬುದೂ ನೆನಪಿರಲಿ.

ಸಣ್ಣ ಬ್ಯಾಟರಿ: ದೊಡ್ಡ ಬ್ಯಾಟರಿಯ ಜತೆ ಸಾಮಾನ್ಯ 12 ವೋಲ್ಟ್ ಬ್ಯಾಟರಿಯೂ ಇರುತ್ತದೆ. ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಹೊರಡದು. ತಿಂಗಳುಗಟ್ಟಲೆ ಊರಿಗೆ ಹೋಗುವವರು ಮನೆಯವರಿಗೆ ಹೇಳಿ ಆಗಾಗ ಬಯಲಿನಲ್ಲಿ 'ರೆಡಿ'ಯಲ್ಲಿ ಸ್ವಲ್ಪ ಹೊತ್ತು ಇರಿಸಬೇಕು.

ಗಾಳಿಯ ಕಿಂಡಿ: ಬ್ಯಾಟರಿಯನ್ನು ತಂಪಾಗಿಡಲು ಕಾರಿನೊಳಗಿನ ಗಾಳಿಯನ್ನೇ ಬಳಸುವ ಮಾದರಿಗಳಿವೆ. ಕಿಂಡಿ ಎಲ್ಲಿದೆ ಎಂಬುದು ಮಾಲೀಕರ ಕೈಪಿಡಿಯಲ್ಲಿದೆ. ಅದರ ಮೇಲೆ ಚೀಲ, ಹೊದಿಕೆ, ಸೀಟ್ ಕವರ್ ಬೀಳಬಾರದು. ಸರ್ವಿಸ್ ವೇಳೆ ಧೂಳು ತೆಗೆಸಬೇಕು.

ಪ್ರವಾಹ ಮತ್ತು ಅಪಘಾತ: ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಅಧಿಕ ವೋಲ್ಟೇಜ್ ಇರುತ್ತದೆ. ಬೀದಿಯ ಮೆಕ್ಯಾನಿಕ್ ಕೈಗೆ ಅವನ್ನು ಒಪ್ಪಿಸಬಾರದು. ಮುಂಬೈ, ಚೆನ್ನೈಯ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಲು ಹೋಗದೆ, ಫ್ಲ್ಯಾಟ್‌ಬೆಡ್ ಲಾರಿ ತರಿಸಿ ಅಧಿಕೃತ ಸರ್ವಿಸ್ ಸೆಂಟರ್‌ಗೆ ಸಾಗಿಸಬೇಕು. ಮುಂದಿನ ಚಕ್ರಗಳು ನೆಲದ ಮೇಲೆ ಉರುಳುವಂತೆ ಎಳೆದೊಯ್ದರೆ ಮೋಟಾರ್ ವ್ಯವಸ್ಥೆಗೆ ಹಾನಿಯಾಗಬಹುದು. ಎಂಜಿನ್ ಮತ್ತು ಹೈಬ್ರಿಡ್ ಭಾಗಗಳಿಗೆ ರಕ್ಷಣೆ ಕೊಡುವ ವಿಮೆ ಆಯ್ಕೆ ಇದೆಯೇ ಎಂದು ಪಾಲಿಸಿ ಮಾಡಿಸುವಾಗಲೇ ಕೇಳಬೇಕು.

ಬುಕ್ ಮಾಡುವ ಮುನ್ನ

ಟೆಸ್ಟ್ ಡ್ರೈವ್‌ಗೆ ಖಾಲಿ ರಸ್ತೆ ಬೇಡ, ಸಂಜೆಯ ಟ್ರಾಫಿಕ್ ಬೇಕು. ಮನೆಯವರನ್ನೂ ಕೂರಿಸಿಕೊಂಡು, ಒಂದು ಫ್ಲೈಓವರ್ ಹತ್ತಿ ಇಳಿದು ನೋಡಬೇಕು. ಊರಿಗೆ ಒಯ್ಯುವ ಸೂಟ್‌ಕೇಸನ್ನು ಡಿಕ್ಕಿಯಲ್ಲಿಟ್ಟು ನೋಡುವುದು ಇನ್ನೂ ಒಳ್ಳೆಯದು. ಗ್ರ್ಯಾಂಡ್ ವಿಟಾರಾ, ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಬ್ಯಾಟರಿ ಹಿಂಬದಿಯಲ್ಲಿ ಕುಳಿತಿರುವುದರಿಂದ ಡಿಕ್ಕಿಯ ಜಾಗ ಮೈಲ್ಡ್ ಹೈಬ್ರಿಡ್‌ಗಿಂತ ಕಡಿಮೆ. ಬ್ಯಾಟರಿ ವಾರಂಟಿಯ ಷರತ್ತುಗಳನ್ನು, ಕಾರು ಮಾರಿದರೆ ಅದು ಮುಂದಿನ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆಯಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಾದರೆ ಅಧಿಕೃತ ಸರ್ವಿಸ್ ದಾಖಲೆ ಮತ್ತು ಬ್ಯಾಟರಿ ತಪಾಸಣೆಯ ವರದಿ ಇಲ್ಲದೆ ಮುಂಗಡ ಕೊಡಬಾರದು.

45 ಲೀಟರ್ ಟ್ಯಾಂಕ್, ಲೀಟರ್‌ಗೆ 20 ಕಿ.ಮೀ. ಎಂದರೂ ಒಮ್ಮೆ ತುಂಬಿಸಿದರೆ 900 ಕಿ.ಮೀ. ಲೆಕ್ಕ. ಪುಣೆಯಿಂದ ಹುಬ್ಬಳ್ಳಿಗೆ, ಹೈದರಾಬಾದ್‌ನಿಂದ ಬೆಂಗಳೂರಿಗೆ ದಾರಿಯಲ್ಲಿ ಬಂಕ್‌ಗೆ ಹೋಗದೆ ತಲುಪುವ ಅನುಕೂಲ ಇದು. ಆದರೆ ಹೆಚ್ಚುವರಿ ಬೆಲೆಯನ್ನು ತೀರಿಸುವುದು ವರ್ಷಕ್ಕೆರಡು ಬಾರಿಯ ಆ ಪ್ರಯಾಣವಲ್ಲ, ಉಳಿದ ದಿನಗಳ ಆಫೀಸ್ ಮತ್ತು ಶಾಲೆಯ ಓಡಾಟ. ಆ ಓಡಾಟ ಎಷ್ಟು ಕಿಲೋಮೀಟರ್ ಎಂದು ಒಂದು ತಿಂಗಳು ಬರೆದಿಟ್ಟು ನೋಡಿದ ಮೇಲೆ ಶೋರೂಮ್‌ಗೆ ಹೋದರೆ ಆಯ್ಕೆ ತಪ್ಪುವ ಸಾಧ್ಯತೆ ಕಡಿಮೆ.